ಲಿನಕ್ಸ್ ಸರ್ವರ್‌ನಲ್ಲಿ ಕರ್ನಲ್ ರೂಟ್‌ಕಿಟ್: ಎಲ್ಲಿ ಅಡಗುತ್ತದೆ, ಹೇಗೆ ಪತ್ತೆ ಹಚ್ಚುವುದು

ಸರ್ವರ್‌ನ ಸಿಪಿಯು 90% ಬಳಕೆಯಲ್ಲಿದೆ, ಟಾಪ್ ತೆರೆದು ನೋಡಿದರೆ ಅಷ್ಟು ಬಳಸುವ ಪ್ರೋಸೆಸ್ ಒಂದೂ ಕಾಣುವುದಿಲ್ಲ. ಈ ಯಂತ್ರದಿಂದ ಅಪರಿಚಿತ ವಿಳಾಸಕ್ಕೆ ಸಂಪರ್ಕ ಹೋಗುತ್ತಿದೆ ಎಂದು ಫೈರ್‌ವಾಲ್ ಲಾಗ್ ಹೇಳುತ್ತದೆ, ಯಂತ್ರದ ನೆಟ್‌ಸ್ಟ್ಯಾಟ್ ಅಂಥದ್ದೇನೂ ಇಲ್ಲ ಎನ್ನುತ್ತದೆ. ಡಿಸ್ಕ್ ತುಂಬಿದೆ ಎಂದು ಡಿಎಫ್ ತೋರಿಸುತ್ತದೆ, ಡಿಯು ಲೆಕ್ಕ ಹಾಕಿದರೆ ಅರ್ಧವೂ ಸಿಗುವುದಿಲ್ಲ. ಮೂರನೆಯದಕ್ಕೆ ಮಾಮೂಲಿ ಕಾರಣವೂ ಇರಬಹುದು: ಅಳಿಸಿದ ಫೈಲನ್ನು ಯಾವುದೋ ಪ್ರೋಸೆಸ್ ಇನ್ನೂ ತೆರೆದಿಟ್ಟುಕೊಂಡಿದ್ದರೆ ಹೀಗೆಯೇ ಆಗುತ್ತದೆ. ಆದರೆ ಇಂಥ ಎರಡು ಮೂರು ವ್ಯತ್ಯಾಸಗಳು ಒಟ್ಟಿಗೆ ಕಂಡರೆ ಕರ್ನಲ್ ರೂಟ್‌ಕಿಟ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಒಳಗೆ ಸೇರಿ ದಾಳಿಕೋರನ ಕುರುಹು ಮರೆಮಾಚುವ ತಂತ್ರಾಂಶ) ಇದೆಯೇ ಎಂದು ಪರೀಕ್ಷಿಸಲೇಬೇಕು.

ಇಂಥ ಯಂತ್ರದಲ್ಲಿ ನಾವು ಪ್ರಶ್ನೆ ಕೇಳುವುದು ಯಾರನ್ನೋ ಆ ಕರ್ನಲ್ಲೇ ಸುಳ್ಳು ಹೇಳುತ್ತಿರುತ್ತದೆ. ಆದರೆ ಒಂದೇ ಸಂಗತಿಯನ್ನು ಕರ್ನಲ್ ನಾಲ್ಕೈದು ದಾರಿಗಳಲ್ಲಿ ತಿಳಿಸುತ್ತದೆ. ಪ್ರೋಸೆಸ್ ಇದೆಯೇ ಎಂಬುದನ್ನು ಡೈರೆಕ್ಟರಿ ಪಟ್ಟಿಯಿಂದಲೂ ತಿಳಿಯಬಹುದು, ಸಿಗ್ನಲ್ ಕಳಿಸಿಯೂ ತಿಳಿಯಬಹುದು, ಮೆಮೊರಿಯನ್ನೇ ಓದಿಯೂ ತಿಳಿಯಬಹುದು. ಎಲ್ಲ ದಾರಿಗಳಲ್ಲೂ ಒಂದೇ ಸುಳ್ಳನ್ನು ತಪ್ಪಿಲ್ಲದೆ ಹೇಳಬಲ್ಲ ರೂಟ್‌ಕಿಟ್ ಬರೆಯುವುದು ಬಹಳ ಕಷ್ಟ. ಆದ್ದರಿಂದ ಪತ್ತೆಯ ಕೆಲಸವೆಂದರೆ ಒಂದೇ ಪ್ರಶ್ನೆಯನ್ನು ಎರಡು ದಾರಿಯಲ್ಲಿ ಕೇಳಿ ಉತ್ತರಗಳನ್ನು ಹೋಲಿಸುವುದು, ಕೊನೆಗೆ ಆ ಕರ್ನಲ್ ಓಡದಿರುವ ಜಾಗದಿಂದ ಅದೇ ಪ್ರಶ್ನೆಯನ್ನು ಮತ್ತೆ ಕೇಳುವುದು. 2005ರ ಅಕ್ಟೋಬರ್ 31ರಂದು ವಿಂಡೋಸ್ ತಜ್ಞ ಮಾರ್ಕ್ ರುಸಿನೋವಿಚ್ ಸೋನಿ ಬಿಎಂಜಿಯ ಸಂಗೀತ ಸಿಡಿಗಳಲ್ಲಿದ್ದ ರೂಟ್‌ಕಿಟ್ ಅನ್ನು ಬಯಲಿಗೆಳೆದದ್ದು ಇದೇ ತತ್ವದ ಮೇಲೆ: ವಿಂಡೋಸ್ ಕೊಟ್ಟ ಫೈಲ್ ಪಟ್ಟಿಗೂ ಡಿಸ್ಕ್‌ನಲ್ಲಿ ನೇರವಾಗಿ ಓದಿದ ಪಟ್ಟಿಗೂ ತಾಳೆಯಾಗಲಿಲ್ಲ.

ಕೆಳಗಿನ ಹಂತಗಳು 64 ಬಿಟ್ ಲಿನಕ್ಸ್ ಸರ್ವರ್‌ಗೆ. ಕಮಾಂಡ್ ಮತ್ತು ಫೈಲ್ ಹೆಸರುಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಕೊಟ್ಟಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಹೊಡೆಯಬೇಕು. ಎಲ್ಲವನ್ನೂ ರೂಟ್ ಆಗಿ, ಕಂಟೇನರ್ ಇದ್ದರೆ ಅದರ ಹೊರಗೆ ಹೋಸ್ಟ್‌ನಲ್ಲಿ ಮಾಡಬೇಕು. ಕಂಟೇನರ್‌ಗೆ ತನ್ನದೇ ಕರ್ನಲ್ ಇರುವುದಿಲ್ಲ.

ಮರೆಮಾಚುವುದು ಹೇಗೆ

ಫೈಲ್‌ಗಳ ಪಟ್ಟಿ ಕೊಡುವ ಎಲ್ಎಸ್ ಕಮಾಂಡ್ ಹೊಡೆದಾಗ ಅದು ಗೆಟ್‌ಡೆಂಟ್ಸ್64 ಎಂಬ ಸಿಸ್ಟಮ್ ಕಾಲ್ (ಪ್ರೋಗ್ರಾಂ ಕರ್ನಲ್‌ಗೆ ಸಲ್ಲಿಸುವ ಕೋರಿಕೆ) ಮಾಡುತ್ತದೆ. ಕರ್ನಲ್ ಡೈರೆಕ್ಟರಿಯ ನಮೂದುಗಳನ್ನು ಒಂದರ ಹಿಂದೆ ಒಂದು ಬಫರ್‌ಗೆ ತುಂಬಿ ಕೊಡುತ್ತದೆ. ಪ್ರತಿ ನಮೂದಿನಲ್ಲಿ ಹೆಸರಿನ ಜೊತೆ ಅದರ ಉದ್ದವೂ ಇರುತ್ತದೆ. ಆ ಉದ್ದ ನೋಡಿಕೊಂಡೇ ಓದುವವರು ಮುಂದಿನದಕ್ಕೆ ಹಾರುತ್ತಾರೆ. ರೂಟ್‌ಕಿಟ್ ಈ ಕಾಲ್ ಮುಗಿಯುವ ಹಂತದಲ್ಲಿ ನಡುವೆ ಬಂದು, ತಾನು ಅಡಗಿಸಬೇಕಾದ ಹೆಸರಿನ ಹಿಂದಿನ ನಮೂದಿನ ಉದ್ದವನ್ನು ಹಿಗ್ಗಿಸುತ್ತದೆ. ಎಲ್ಎಸ್ ಆ ಹೆಸರಿನ ಮೇಲೆ ಹಾರಿ ಮುಂದಕ್ಕೆ ಹೋಗುತ್ತದೆ. ಫೈಲ್ ಡಿಸ್ಕ್‌ನಲ್ಲಿ ಹಾಗೆಯೇ ಇರುತ್ತದೆ, ಹೆಸರು ಗೊತ್ತಿದ್ದವರು ನೇರವಾಗಿ ತೆರೆಯಲೂ ಬಹುದು. ಪಿಎಸ್ ಮತ್ತು ಟಾಪ್ ಕೂಡ /ಪ್ರಾಕ್ ಡೈರೆಕ್ಟರಿಯ ಪಟ್ಟಿಯನ್ನೇ ಓದುವುದರಿಂದ ಇದೊಂದೇ ತಂತ್ರಕ್ಕೆ ಪ್ರೋಸೆಸ್‌ಗಳೂ ಮಾಯವಾಗುತ್ತವೆ.

ಹೀಗೆ ನಡುವೆ ಬರಲು ಮೂರು ಮುಖ್ಯ ಜಾಗಗಳಿವೆ. ಹಳೆಯದು ಸಿಸ್ಟಮ್ ಕಾಲ್ ಟೇಬಲ್: ಪ್ರತಿ ಕಾಲ್‌ಗೆ ಯಾವ ಫಂಕ್ಷನ್ ಎಂದು ಬರೆದಿಟ್ಟ ಪಟ್ಟಿಯಲ್ಲಿ ವಿಳಾಸವನ್ನೇ ಬದಲಿಸುವುದು. 2024ರ ಏಪ್ರಿಲ್‌ನಲ್ಲಿ ಬಂದ ಬದಲಾವಣೆಯ ನಂತರ (6.9 ಮತ್ತು ಅದನ್ನು ಹಿಂದಕ್ಕೆ ಅಳವಡಿಸಿದ ಕರ್ನಲ್‌ಗಳು) ಎಕ್ಸ್86ನಲ್ಲಿ ಕಾಲ್‌ಗಳು ಈ ಟೇಬಲ್ ಮೂಲಕ ಹೋಗುವುದಿಲ್ಲ, ಸ್ವಿಚ್ ಸಾಲುಗಳ ಮೂಲಕ ಹೋಗುತ್ತವೆ. ಅಲ್ಲಿ ಟೇಬಲ್ ತಿದ್ದಿದರೂ ಪ್ರಯೋಜನವಿಲ್ಲ. ಎರಡನೆಯದು ಎಫ್‌ಟ್ರೇಸ್: ಕರ್ನಲ್‌ನ ಬಹುಪಾಲು ಫಂಕ್ಷನ್‌ಗಳ ತಲೆಯಲ್ಲಿ ಟ್ರೇಸಿಂಗ್‌ಗೆಂದು 5 ಬೈಟ್ ಜಾಗ ಬಿಟ್ಟಿರುತ್ತದೆ, ರೂಟ್‌ಕಿಟ್ ಅಧಿಕೃತ ಸೌಲಭ್ಯವನ್ನೇ ಬಳಸಿ ಅಲ್ಲಿ ತನ್ನ ಫಂಕ್ಷನ್ ಸೇರಿಸುತ್ತದೆ. ಈಚಿನವುಗಳಲ್ಲಿ ಹೆಚ್ಚಿನವು ಇದನ್ನೇ ನೆಚ್ಚಿಕೊಂಡಿವೆ. ಮೂರನೆಯದು ಫೈಲ್‌ಸಿಸ್ಟಮ್ ಅಥವಾ ನೆಟ್‌ವರ್ಕ್ ಕೋಡ್‌ನ ಫಂಕ್ಷನ್ ಪಾಯಿಂಟರ್‌ಗಳು.

ಯಾವ ಫಂಕ್ಷನ್ನನ್ನೂ ಮುಟ್ಟದೆ ಅಡಗುವ ದಾರಿಯೂ ಇದೆ. ಕರ್ನಲ್ ತನ್ನ ಮಾಡ್ಯೂಲ್‌ಗಳನ್ನು (ಓಡುತ್ತಿರುವಾಗಲೇ ಅದಕ್ಕೆ ಸೇರಿಸಬಹುದಾದ ಕೋಡ್ ತುಣುಕುಗಳು) ಒಂದಕ್ಕೊಂದು ಕೊಂಡಿ ಹಾಕಿದ ಪಟ್ಟಿಯಲ್ಲಿ ಇಟ್ಟಿರುತ್ತದೆ. ರೂಟ್‌ಕಿಟ್ ಮಾಡ್ಯೂಲ್ ಲೋಡ್ ಆದ ಕೂಡಲೇ ಆ ಸರಪಳಿಯಿಂದ ತನ್ನ ಕೊಂಡಿ ಬಿಡಿಸಿಕೊಳ್ಳುತ್ತದೆ. ಮಾಡ್ಯೂಲ್ ಪಟ್ಟಿ ತೋರಿಸುವ ಎಲ್ಎಸ್‌ಮಾಡ್ ಸರಪಳಿ ಹಿಡಿದು ಹೋಗುವುದರಿಂದ ಅದಕ್ಕೆ ಇದು ಸಿಗುವುದಿಲ್ಲ, ಕೋಡ್ ಮಾತ್ರ ಮೆಮೊರಿಯಲ್ಲಿ ಓಡುತ್ತಲೇ ಇರುತ್ತದೆ.

ಕೈ ಹಾಕುವ ಮುನ್ನ

ರೀಬೂಟ್ ಮಾಡಬೇಡಿ. ಮೆಮೊರಿಯಲ್ಲಿ ಮಾತ್ರ ಇರುವ ರೂಟ್‌ಕಿಟ್ ಆದರೆ ಸಾಕ್ಷಿಯೆಲ್ಲ ಅಲ್ಲಿಗೆ ಮುಗಿಯಿತು. ಕೆಳಗೆ ಹೇಳುವ ಟೈಂಟ್ ಸಂಖ್ಯೆಯೂ ಶೂನ್ಯಕ್ಕೆ ಮರಳುತ್ತದೆ. ಯಂತ್ರವನ್ನು ನೆಟ್‌ವರ್ಕ್‌ನಿಂದ ಬೇರ್ಪಡಿಸಬೇಕಾದರೆ ಸ್ವಿಚ್‌ನಲ್ಲಿ ಅಥವಾ ಹೈಪರ್‌ವೈಸರ್‌ನಲ್ಲಿ ಬೇರೆ ವಿಲ್ಯಾನ್‌ಗೆ (ಪ್ರತ್ಯೇಕಿಸಿದ ನೆಟ್‌ವರ್ಕ್ ಭಾಗಕ್ಕೆ) ಹಾಕಿ. ಯಂತ್ರದೊಳಗಿನ ಫೈರ್‌ವಾಲ್ ನಿಯಮವನ್ನು ನಂಬಿ ಕೂರುವಂತಿಲ್ಲ. ಬೇರ್ಪಡಿಸುವ ಮೊದಲು ಟ್ರಾಫಿಕ್‌ನ ನಕಲು ಕೊಡುವ ಸ್ವಿಚ್‌ನ ಮಿರರ್ ಪೋರ್ಟ್‌ನಿಂದ ಒಂದಷ್ಟು ಹೊತ್ತು ಟ್ರಾಫಿಕ್ ಹಿಡಿದಿಟ್ಟುಕೊಂಡರೆ ಮುಂದೆ ಬಹಳ ಉಪಯೋಗ.

ಮೊದಲು ತೆಗೆಯಬೇಕಾದದ್ದು ಮೆಮೊರಿಯ ನಕಲು. ವರ್ಚುವಲ್ ಯಂತ್ರವಾದರೆ ನೀವು ಅದೃಷ್ಟವಂತರು: ಕೆವಿಎಂ ಹೋಸ್ಟ್‌ನಲ್ಲಿ ವಿರ್ಶ್ ಡಂಪ್ ಅನ್ನು ಮೆಮೊರಿ-ಓನ್ಲಿ ಆಯ್ಕೆಯೊಡನೆ ಓಡಿಸಿದರೆ ಒಳಗಿನ ಕರ್ನಲ್‌ಗೆ ಸುಳಿವೇ ಇಲ್ಲದೆ ನಕಲು ಸಿಗುತ್ತದೆ. ವಿಎಂವೇರ್ ಆದರೆ ಮೆಮೊರಿ ಸಹಿತ ಸ್ನ್ಯಾಪ್‌ಶಾಟ್ ತೆಗೆಯಿರಿ. ನಿಜವಾದ ಯಂತ್ರವಾದರೆ ಎರಡು ಸಾಧನಗಳು ಬಳಕೆಯಲ್ಲಿವೆ. ಎವಿಎಂಎಲ್ ಮಾಡ್ಯೂಲ್ ಲೋಡ್ ಮಾಡದೆಯೇ /ಪ್ರಾಕ್/ಕೆಕೋರ್ ಮುಂತಾದವುಗಳಿಂದ ಓದುತ್ತದೆ. ಕರ್ನಲ್ ಮುಟ್ಟದಂತೆ ರೂಟ್‌ಗೂ ತಡೆಹಾಕುವ ಲಾಕ್‌ಡೌನ್ ಸೌಲಭ್ಯ ಕಾನ್ಫಿಡೆನ್ಷಿಯಾಲಿಟಿ ಮಟ್ಟದಲ್ಲಿದ್ದರೆ ಇದು ನಡೆಯದು. ಲೈಮ್ ಒಂದು ಕರ್ನಲ್ ಮಾಡ್ಯೂಲ್, ಓಡುತ್ತಿರುವ ಕರ್ನಲ್‌ನ ಆವೃತ್ತಿಗೆ ಒಂದಕ್ಷರ ತಪ್ಪದಂತೆ ಹೊಂದಬೇಕು. ಅದನ್ನು ಅನುಮಾನದ ಯಂತ್ರದಲ್ಲೇ ಕಂಪೈಲ್ ಮಾಡಲು ಹೋಗಬೇಡಿ: ಕಂಪೈಲರ್ ಬಳಸುವ ಮೆಮೊರಿಯಿಂದ, ಬರೆಯುವ ಫೈಲ್‌ಗಳಿಂದ ಸಾಕ್ಷಿ ಅಳಿಯುತ್ತದೆ. ಅದೇ ಡಿಸ್ಟ್ರೋ, ಅದೇ ಕರ್ನಲ್ ಇರುವ ಬೇರೆ ಯಂತ್ರದಲ್ಲಿ ಕಟ್ಟಿ ತನ್ನಿ.

16 ಜಿಬಿ ರ‍್ಯಾಮ್ ಇದ್ದರೆ ನಕಲೂ ಸುಮಾರು 16 ಜಿಬಿ ಇರುತ್ತದೆ. ಅದನ್ನು ಅದೇ ಯಂತ್ರದ ಡಿಸ್ಕ್‌ಗೆ ಬರೆಯಬೇಡಿ, ಅಳಿಸಿದ ಫೈಲ್‌ಗಳ ಜಾಗವನ್ನು ಅದು ತುಂಬಿಬಿಡುತ್ತದೆ. ಯುಎಸ್‌ಬಿ ಡಿಸ್ಕ್ ಬಳಸುವಿರಾದರೆ ಫ್ಯಾಟ್32 ಬೇಡ; ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ನಕಲು ನಡುವೆಯೇ ನಿಲ್ಲುತ್ತದೆ.

ಟೈಂಟ್ ಸಂಖ್ಯೆ: ಮೊದಲ ಪರೀಕ್ಷೆ

/ಪ್ರಾಕ್/ಸಿಸ್/ಕರ್ನಲ್/ಟೈಂಟೆಡ್ ಫೈಲ್ ತೆರೆದರೆ ಒಂದು ಸಂಖ್ಯೆ ಸಿಗುತ್ತದೆ. ಕರ್ನಲ್‌ನ ಶುದ್ಧತೆಗೆ ಏನೇನು ಧಕ್ಕೆ ಬಂದಿದೆ ಎಂಬುದರ ದಾಖಲೆ ಅದು. ನಮಗೆ ಮುಖ್ಯವಾದವು ಎರಡು: ಕರ್ನಲ್‌ನ ಮೂಲ ಕೋಡ್‌ನ ಹೊರಗಿನ ಮಾಡ್ಯೂಲ್ ಲೋಡ್ ಆಗಿದ್ದರೆ 4096, ಸಹಿಯಿಲ್ಲದ ಮಾಡ್ಯೂಲ್ ಲೋಡ್ ಆಗಿದ್ದರೆ 8192. ಸ್ವಾಮ್ಯದ ಮಾಡ್ಯೂಲ್‌ಗೆ 1. ಇವು ಕೂಡಿಕೊಂಡು ಬರುತ್ತವೆ. 12288 ಕಂಡರೆ 4096 ಮತ್ತು 8192. 12289 ಕಂಡರೆ ಅದಕ್ಕೆ 1 ಸೇರಿದೆ, ಎನ್ವಿಡಿಯಾ ಡ್ರೈವರ್ ಹಾಕಿದ ಯಂತ್ರಗಳಲ್ಲಿ ಕಾಣುವಂಥದ್ದು.

ಈ ಗುರುತು ಒಮ್ಮೆ ಬಿದ್ದರೆ ರೀಬೂಟ್ ತನಕ ಹೋಗುವುದಿಲ್ಲ. ಮಾಡ್ಯೂಲ್ ತನ್ನನ್ನು ಪಟ್ಟಿಯಿಂದ ಬಿಡಿಸಿಕೊಂಡರೂ, ತೆಗೆದುಹಾಕಿದರೂ ಸಂಖ್ಯೆ ಉಳಿಯುತ್ತದೆ. ಹಾಗಾಗಿ ಮುಂದಿನ ಪ್ರಶ್ನೆ: ಈ ಗುರುತಿಗೆ ಕಾರಣ ಯಾರು? /ಸಿಸ್/ಮಾಡ್ಯೂಲ್ ಒಳಗೆ ಪ್ರತಿ ಮಾಡ್ಯೂಲ್‌ನ ಡೈರೆಕ್ಟರಿಯಲ್ಲೂ ಟೈಂಟ್ ಎಂಬ ಫೈಲ್ ಇದೆ. ಹೊರಗಿನದಾದರೆ ಅದರಲ್ಲಿ ಓ, ಸಹಿಯಿಲ್ಲದ್ದಾದರೆ ಇ ಅಕ್ಷರ ಇರುತ್ತದೆ. ಎಲ್ಲವನ್ನೂ ಗ್ರೆಪ್ ಮಾಡಿ. ಒಟ್ಟು ಸಂಖ್ಯೆ 12288 ಎನ್ನುತ್ತಿದ್ದು, ಓ ಅಥವಾ ಇ ಇರುವ ಮಾಡ್ಯೂಲ್ ಒಂದೂ ಸಿಗದಿದ್ದರೆ, ಹಿಂದೆ ಲೋಡ್ ಆಗಿ ಹೊರಟುಹೋದದ್ದೋ ಅಡಗಿ ಕೂತದ್ದೋ ಒಂದು ಮಾಡ್ಯೂಲ್ ಇದೆ ಎಂದಾಯಿತು.

ಯಾವುದು ಎಂದು ತಿಳಿಯಲು ಜರ್ನಲ್‌ಸಿಟಿಎಲ್‌ನಲ್ಲಿ ಕರ್ನಲ್ ಸಂದೇಶಗಳನ್ನು ತೆರೆದು ‘ಟೈಂಟ್ಸ್ ಕರ್ನಲ್’ ಎಂಬ ಪದಗಳಿಗಾಗಿ ಹುಡುಕಿ. ಹೊರಗಿನ ಮಾಡ್ಯೂಲ್ ಲೋಡ್ ಆದಾಗ ಕರ್ನಲ್ ಅದರ ಹೆಸರು ಹಿಡಿದೇ ಎಚ್ಚರಿಕೆ ಬರೆಯುತ್ತದೆ. ಆದರೆ ಗಮನಿಸಿ, ಈ ಸಾಲು ಬೂಟ್‌ಗೆ ಒಂದೇ ಸಲ, ಮೊದಲ ಹೊರಗಿನ ಮಾಡ್ಯೂಲ್‌ಗೆ ಮಾತ್ರ. ವರ್ಚುವಲ್‌ಬಾಕ್ಸ್ ಅಥವಾ ಝಡ್‌ಎಫ್‌ಎಸ್ ಮೊದಲೇ ಲೋಡ್ ಆಗಿದ್ದರೆ ನಂತರ ಬಂದ ರೂಟ್‌ಕಿಟ್‌ನ ಹೆಸರು ಅಲ್ಲಿ ಬರುವುದಿಲ್ಲ, ಟೈಂಟ್ ಸಂಖ್ಯೆಯೂ ಬದಲಾಗದೆ ಇರಬಹುದು. ಡಿಮೆಸೇಜ್ ಬಫರನ್ನು ದಾಳಿಕೋರ ಖಾಲಿ ಮಾಡಿರಬಹುದು. ದೂರದ ಲಾಗ್ ಸರ್ವರ್‌ನ ಪ್ರತಿಯಿದ್ದರೆ ಅದನ್ನೇ ನಂಬಿ.

ಅದೇ ಲಾಗ್‌ನಲ್ಲಿ ‘ವರ್ಷನ್ ಮ್ಯಾಜಿಕ್’ ಎಂಬ ದೂರಿನ ಸಾಲುಗಳಿವೆಯೇ ನೋಡಿ. ಕರ್ನಲ್ ಅಪ್‌ಡೇಟ್ ಆದ ಮೇಲೆ ಹಳೆಯ ಆವೃತ್ತಿಗೆ ಕಟ್ಟಿದ ರೂಟ್‌ಕಿಟ್ ಲೋಡ್ ಆಗಲಾರದೆ ಹೀಗೆ ಗುರುತು ಬಿಡುತ್ತದೆ. 2010ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ಎಂಎಸ್10-015 ಎಂಬ ಭದ್ರತಾ ಅಪ್‌ಡೇಟ್ ಕೊಟ್ಟಾಗ ಅನೇಕ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಅವುಗಳಲ್ಲಿದ್ದ ಅಲ್ಯೂರಿಯಾನ್ ರೂಟ್‌ಕಿಟ್ ಹಳೆಯ ಕರ್ನಲ್‌ನ ವಿಳಾಸಗಳನ್ನು ನೆಚ್ಚಿಕೊಂಡದ್ದು ಕಾರಣವಾಗಿತ್ತು. ಅಪ್‌ಡೇಟ್ ಬೆನ್ನಿಗೇ ಕಾರಣ ತಿಳಿಯದ ಪ್ಯಾನಿಕ್ (ಕರ್ನಲ್ ಕುಸಿತ) ಆದರೆ ಅಪ್‌ಡೇಟನ್ನು ಬೈದು ಹಿಂದಿನ ಕರ್ನಲ್‌ಗೆ ಮರಳುವ ಮೊದಲು ಈ ಸಾಧ್ಯತೆಯನ್ನೂ ನೋಡಿ.

ಮಾಡ್ಯೂಲ್ ಪಟ್ಟಿಗಳ ಹೋಲಿಕೆ

ಎಲ್ಎಸ್‌ಮಾಡ್ ಓದುವುದು /ಪ್ರಾಕ್/ಮಾಡ್ಯೂಲ್ಸ್. /ಸಿಸ್/ಮಾಡ್ಯೂಲ್ ಬೇರೆ ರಚನೆಯಿಂದ ಬರುತ್ತದೆ. ಸರಪಳಿಯಿಂದ ಬಿಡಿಸಿಕೊಂಡು ಎರಡನೆಯದನ್ನು ಮರೆತ ರೂಟ್‌ಕಿಟ್‌ಗಳು ಸಾಕಷ್ಟಿವೆ. ಎರಡೂ ಪಟ್ಟಿಗಳನ್ನು ವಿಂಗಡಿಸಿ ಡಿಫ್ ಮಾಡಿ. ನೇರವಾಗಿ ಮಾಡಿದರೆ ಮಾತ್ರ ನೂರಾರು ಸುಳ್ಳು ಸುಳಿವು ಬರುತ್ತವೆ, ಏಕೆಂದರೆ ಕರ್ನಲ್ ಒಳಗೇ ಕಟ್ಟಿದ ಭಾಗಗಳಿಗೂ /ಸಿಸ್/ಮಾಡ್ಯೂಲ್‌ನಲ್ಲಿ ಡೈರೆಕ್ಟರಿ ಇರುತ್ತದೆ. ಬೇರ್ಪಡಿಸುವ ಗುರುತು ಇನಿಟ್‌ಸ್ಟೇಟ್ ಎಂಬ ಫೈಲ್: ಲೋಡ್ ಮಾಡಿದ ಮಾಡ್ಯೂಲ್‌ಗಳಲ್ಲಿ ಮಾತ್ರ ಅದು ಇರುತ್ತದೆ. ಅದು ಇರುವ ಡೈರೆಕ್ಟರಿಗಳನ್ನಷ್ಟೇ ಆಯ್ದು ಹೋಲಿಸಿದಾಗ ಒಂದು ಹೆಸರು ಹೆಚ್ಚು ಬಂದರೂ ಅದು ಗಂಭೀರ ವಿಷಯ.

ಎಫ್‌ಟ್ರೇಸ್ ಪರೀಕ್ಷೆ

/ಸಿಸ್/ಕರ್ನಲ್/ಟ್ರೇಸಿಂಗ್ ಒಳಗಿನ ಎನೇಬಲ್ಡ್_ಫಂಕ್ಷನ್ಸ್ ಫೈಲ್ ತೆರೆಯಿರಿ (ಹಳೆಯ ಯಂತ್ರಗಳಲ್ಲಿ ಇದು /ಸಿಸ್/ಕರ್ನಲ್/ಡಿಬಗ್/ಟ್ರೇಸಿಂಗ್ ಕೆಳಗಿದೆ). ಮಾಮೂಲಿ ಸರ್ವರ್‌ನಲ್ಲಿ ಇದು ಖಾಲಿ ಅಥವಾ ಬಹುತೇಕ ಖಾಲಿ. ಒಂದೊಂದು ಸಾಲಿನಲ್ಲೂ ಫಂಕ್ಷನ್ ಹೆಸರು, ಆವರಣದಲ್ಲಿ ಎಷ್ಟು ಜನ ಅಲ್ಲಿ ಕೊಂಡಿ ಹಾಕಿದ್ದಾರೆ ಎಂಬ ಸಂಖ್ಯೆ, ನಂತರ ಅಕ್ಷರಗಳು. ನೋಡಬೇಕಾದ ಅಕ್ಷರ ಐ. ಫಂಕ್ಷನ್‌ಗೆ ಹೋಗಬೇಕಾದ ಓಟವನ್ನು ಬೇರೆಡೆಗೆ ತಿರುಗಿಸಲು ಅನುಮತಿ ಪಡೆದಿದೆ ಎಂದು ಅದರ ಅರ್ಥ. ಗೆಟ್‌ಡೆಂಟ್ಸ್64, ಕಿಲ್, ಟಿಸಿಪಿ4_ಸೀಕ್_ಶೋ ಇಂಥ ಹೆಸರಿನ ಪಕ್ಕ ಐ ಕಂಡರೆ ಬಹುತೇಕ ಖಚಿತ.

ಐ ಅಕ್ಷರಕ್ಕೆ ಸಾಚಾ ಕಾರಣ ಲೈವ್‌ಪ್ಯಾಚ್, ಅಂದರೆ ರೀಬೂಟ್ ಇಲ್ಲದೆ ಕರ್ನಲ್ ತಿದ್ದುವ ವ್ಯವಸ್ಥೆ. /ಸಿಸ್/ಕರ್ನಲ್/ಲೈವ್‌ಪ್ಯಾಚ್ ಒಳಗೆ ಏನಾದರೂ ಇದೆಯೇ, ನಿಮ್ಮ ತಂಡ ಲೈವ್‌ಪ್ಯಾಚ್ ಸೇವೆ ಬಳಸುತ್ತಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಇಬಿಪಿಎಫ್ (ಕರ್ನಲ್ ಒಳಗೆ ಸಣ್ಣ ಪ್ರೋಗ್ರಾಂ ಓಡಿಸುವ ಸೌಲಭ್ಯ) ಆಧಾರಿತ ಮಾನಿಟರಿಂಗ್ ಸಾಧನಗಳಿಂದಲೂ ಇಲ್ಲಿ ಸಾಲುಗಳು ಬರುತ್ತವೆ, ಆದರೆ ಸಾಮಾನ್ಯವಾಗಿ ಬೇರೆ ಅಕ್ಷರಗಳೊಡನೆ.

ಇನ್ನೊಂದು ಹೆಜ್ಜೆ ಮುಂದಿಡಬಹುದು. ಎಲ್ಎಸ್‌ನ ಪಟ್ಟಿಯನ್ನು ಉಳಿಸಿಕೊಂಡು, ಸಿಸ್‌ಸಿಟಿಎಲ್‌ನಲ್ಲಿ ಕರ್ನಲ್.ಎಫ್‌ಟ್ರೇಸ್_ಎನೇಬಲ್ಡ್ ಅನ್ನು 0 ಮಾಡಿ, ಮತ್ತೆ ಎಲ್ಎಸ್ ಓಡಿಸಿ, ಕೂಡಲೇ 1ಕ್ಕೆ ಮರಳಿಸಿ. ಎಫ್‌ಟ್ರೇಸ್ ನಿಂತ ಆ ಕೆಲವು ಸೆಕೆಂಡ್‌ಗಳಲ್ಲಿ ರೂಟ್‌ಕಿಟ್‌ನ ಕೊಂಡಿಯೂ ನಿಷ್ಕ್ರಿಯವಾಗಿ, ಅಡಗಿದ್ದ ಫೈಲ್‌ಗಳು ತಾವಾಗಿಯೇ ಪಟ್ಟಿಗೆ ಬರುತ್ತವೆ. 0 ಬರೆಯಲು ಹೋದಾಗ ‘ಬ್ಯುಸಿ’ ಎಂಬ ದೋಷ ಬಂದರೆ, ನಿಲ್ಲಿಸಲಾಗದಂತೆ ನೋಂದಾಯಿಸಿಕೊಂಡವರು ಯಾರೋ ಇದ್ದಾರೆ. ಲೈವ್‌ಪ್ಯಾಚ್ ಇಲ್ಲದ ಯಂತ್ರದಲ್ಲಿ ಅದೇ ಒಂದು ಸುಳಿವು. ಈ ಬರವಣಿಗೆಯನ್ನೇ ಹಿಡಿದು ಸುಳ್ಳು ಯಶಸ್ಸು ಹೇಳುವ ರೂಟ್‌ಕಿಟ್‌ಗಳೂ ಬಂದಿವೆ, ಆದ್ದರಿಂದ ಇಲ್ಲಿ ಏನೂ ಸಿಗಲಿಲ್ಲವೆಂದು ಯಂತ್ರ ಸ್ವಚ್ಛ ಎನ್ನುವಂತಿಲ್ಲ.

ಅಡಗಿದ ಪ್ರೋಸೆಸ್

/ಪ್ರಾಕ್ ಪಟ್ಟಿಯಲ್ಲಿ ಇಲ್ಲದಿದ್ದರೂ ಪಿಐಡಿ (ಪ್ರೋಸೆಸ್‌ನ ಗುರುತು ಸಂಖ್ಯೆ) ಗೊತ್ತಿದ್ದರೆ ಅದರ ಡೈರೆಕ್ಟರಿ ತೆರೆಯಲು ಬಹಳಷ್ಟು ಸಲ ಸಾಧ್ಯ. ಹಾಗಾಗಿ 1ರಿಂದ ಪಿಐಡಿ_ಮ್ಯಾಕ್ಸ್‌ವರೆಗೆ ಪ್ರತಿ ಸಂಖ್ಯೆಯನ್ನೂ ಶೆಲ್ ಲೂಪ್‌ನಲ್ಲಿ ಪ್ರಯತ್ನಿಸಿ. ಗರಿಷ್ಠ ಸಂಖ್ಯೆ ಹಳೆಯ ಸಿಸ್ಟಮ್‌ಗಳಲ್ಲಿ 32768, ಈಗಿನ 64 ಬಿಟ್ ಸಿಸ್ಟಮ್‌ಡಿ ಡಿಸ್ಟ್ರೋಗಳಲ್ಲಿ 4194304. ಲೂಪ್‌ಗೆ ಶೆಲ್‌ನ ಒಳಗಿನ ಟೆಸ್ಟ್ ಕಮಾಂಡನ್ನೇ ಬಳಸಿ. ಪ್ರತಿ ಸುತ್ತಿಗೂ ಹೊರಗಿನ ಪ್ರೋಗ್ರಾಂ ಕರೆದರೆ 41 ಲಕ್ಷ ಹೊಸ ಪ್ರೋಸೆಸ್ ಹುಟ್ಟಿ ಪರೀಕ್ಷೆಯೇ ಕೆಡುತ್ತದೆ.

ಇಲ್ಲಿ ಹೊಸಬರು ಎಡವುವ ಜಾಗವೊಂದಿದೆ. /ಪ್ರಾಕ್‌ನಲ್ಲಿ ಥ್ರೆಡ್‌ಗಳ ಸಂಖ್ಯೆಯೂ ತೆರೆದುಕೊಳ್ಳುತ್ತದೆ, ಆದರೆ ಪಟ್ಟಿಯಲ್ಲಿ ಎಂದೂ ಬರುವುದಿಲ್ಲ. ಒಂದು ಜಾವಾ ಪ್ರೋಸೆಸ್ ಇದ್ದರೆ ನೂರಾರು ‘ಅಡಗಿದ’ ಸಂಖ್ಯೆಗಳು ಸಿಕ್ಕಿದಂತೆ ಕಾಣುತ್ತವೆ. ಪ್ರತಿ ಸಂಖ್ಯೆಯ ಸ್ಟೇಟಸ್ ಫೈಲ್‌ನಲ್ಲಿ ಟಿಜಿಐಡಿ ಮತ್ತು ಪಿಐಡಿ ಎಂಬ ಎರಡು ಸಾಲು ನೋಡಿ: ಎರಡೂ ಒಂದೇ ಆಗಿದ್ದರೆ ಅದು ಪ್ರೋಸೆಸ್, ಬೇರೆಯಾಗಿದ್ದರೆ ಥ್ರೆಡ್. ಒಂದೇ ಆಗಿದ್ದು ಪಟ್ಟಿಯಲ್ಲಿ ಇಲ್ಲದಿದ್ದರೆ ಮಾತ್ರ ಅನುಮಾನ. ಲೂಪ್ ಓಡುವಾಗ ಹುಟ್ಟಿ ಸತ್ತ ಪ್ರೋಸೆಸ್‌ಗಳೂ ಬಲೆಗೆ ಬೀಳುತ್ತವೆ, ಆದ್ದರಿಂದ ಸಿಕ್ಕ ಸಂಖ್ಯೆಗಳನ್ನು ಒಂದು ನಿಮಿಷ ಬಿಟ್ಟು ಮತ್ತೆ ನೋಡಿ. ಎರಡು ಸಲವೂ ಉಳಿದದ್ದರ ಇಎಕ್ಸ್‌ಇ ಕೊಂಡಿ, ಕಮಾಂಡ್ ಸಾಲು, ಎಫ್‌ಡಿ ಡೈರೆಕ್ಟರಿ ಮೂರನ್ನೂ ನಕಲು ಮಾಡಿಕೊಳ್ಳಿ. ಅನ್‌ಹೈಡ್ ಎಂಬ ಸಾಧನವೂ ಇದೇ ಬಗೆಯ ಕೆಲಸ ಮಾಡುತ್ತದೆ. ಅದು ಕೊಟ್ಟ ಫಲಿತಾಂಶಕ್ಕೂ ಈ ಎರಡನೇ ನೋಟ ಬೇಕು.

ಸಿಗ್ನಲ್ ಪರೀಕ್ಷೆ ಮೆಮೊರಿ ನಕಲು ತೆಗೆದ ಮೇಲೆಯೇ ಮಾಡಿ. ಸಾರ್ವಜನಿಕವಾಗಿ ಸಿಗುವ ಡಯಮಾರ್ಫಿನ್ ಥರದ ರೂಟ್‌ಕಿಟ್‌ಗಳು ಕಿಲ್ ಕಾಲ್ ಅನ್ನು ಹಿಡಿದು, ಕೆಲವು ಸಿಗ್ನಲ್ ಸಂಖ್ಯೆಗಳನ್ನು ಗುಟ್ಟಿನ ಆಜ್ಞೆಗಳಾಗಿ ಬಳಸುತ್ತವೆ. ಅಸ್ತಿತ್ವದಲ್ಲೇ ಇಲ್ಲದ, ಪಿಐಡಿ_ಮ್ಯಾಕ್ಸ್‌ಗಿಂತ ದೊಡ್ಡ ಪಿಐಡಿಗೆ 34ರಿಂದ 64ರವರೆಗಿನ ಸಿಗ್ನಲ್‌ಗಳನ್ನು ಒಂದೊಂದಾಗಿ ಕಳಿಸಿ. ಸ್ವಚ್ಛ ಕರ್ನಲ್ ಪ್ರತಿ ಸಲವೂ ‘ಅಂಥ ಪ್ರೋಸೆಸ್ ಇಲ್ಲ’ ಎಂದೇ ಉತ್ತರಿಸಬೇಕು. ಒಂದು ಸಂಖ್ಯೆಗೆ ದೋಷವಿಲ್ಲದೆ ಮರಳಿದರೂ ಕಿಲ್ ಕಾಲ್ ಯಾರದೋ ಕೈಯಲ್ಲಿದೆ. ಡಯಮಾರ್ಫಿನ್‌ನ ಮೂಲ ಕೋಡ್‌ನಲ್ಲಿ 63 ಎಂದರೆ ಮಾಡ್ಯೂಲನ್ನು ತೋರಿಸುವ ಅಥವಾ ಅಡಗಿಸುವ ಗುಂಡಿ, ಆದ್ದರಿಂದ ಅದು ಸಿಕ್ಕರೆ ಎಲ್ಎಸ್‌ಮಾಡ್ ಅನ್ನು ಮತ್ತೆ ಓಡಿಸಿ ನೋಡಿ. ಪಿಐಡಿ ಜಾಗದಲ್ಲಿ 0 ಹಾಕಬೇಡಿ: ಅದು ನಿಮ್ಮದೇ ಪ್ರೋಸೆಸ್ ಗುಂಪಿಗೆಲ್ಲ ಸಿಗ್ನಲ್ ಕಳಿಸಿ ಶೆಲ್ ಮುಚ್ಚಿಸುತ್ತದೆ.

ಅಡಗಿದ ಫೈಲ್

ಮೊದಲು ತೀರ್ಮಾನಿಸಬೇಕಾದದ್ದು ಸುಳ್ಳು ಯಾವ ಮಟ್ಟದಲ್ಲಿದೆ ಎಂದು. /ಇಟಿಸಿ/ಎಲ್‌ಡಿ.ಎಸ್‌ಒ.ಪ್ರೀಲೋಡ್ ಮೂಲಕ ಲೈಬ್ರರಿ ತೂರಿಸಿ ಅಡಗುವ ರೂಟ್‌ಕಿಟ್ ಕರ್ನಲ್ ಮುಟ್ಟಿರುವುದಿಲ್ಲ. ಬೇರೆ ಸ್ವಚ್ಛ ಯಂತ್ರದಿಂದ ಸ್ಟ್ಯಾಟಿಕ್ ಆಗಿ ಕಟ್ಟಿದ ಬಿಝಿಬಾಕ್ಸ್ ತಂದು ಅದರ ಎಲ್ಎಸ್ ಓಡಿಸಿ; ಅದು ಹಂಚಿಕೆಯ ಲೈಬ್ರರಿಗಳನ್ನು ಬಳಸುವುದೇ ಇಲ್ಲ. ಬಿಝಿಬಾಕ್ಸ್‌ಗೆ ಕಂಡು ಸಿಸ್ಟಮ್‌ನ ಎಲ್ಎಸ್‌ಗೆ ಕಾಣದಿದ್ದರೆ ಸುಳ್ಳು ಲೈಬ್ರರಿ ಮಟ್ಟದಲ್ಲಿ, ಅಥವಾ ಎಲ್ಎಸ್ ಪ್ರೋಗ್ರಾಂ ಅನ್ನೇ ಬದಲಿಸಿದ್ದಾರೆ. ಎರಡಕ್ಕೂ ಕಾಣದೆ ಡಿಸ್ಕ್‌ನ ನೇರ ಓದಿನಲ್ಲಿ ಕಂಡರೆ ಕರ್ನಲ್ ಮಟ್ಟದಲ್ಲಿ.

ಡಿಸ್ಕ್‌ನ ನೇರ ಓದಿಗೆ ಇಎಕ್ಸ್‌ಟಿ4ನಲ್ಲಿ ಡಿಬಗ್‌ಎಫ್‌ಎಸ್ ಇದೆ. ಸಿಂಕ್ ಹೊಡೆದು, ಪಾರ್ಟಿಷನ್‌ನ ಹೆಸರು ಕೊಟ್ಟು ತೆರೆದು, ಒಳಗೆ ಎಲ್ಎಸ್ ಜೊತೆ ಡೈರೆಕ್ಟರಿಯ ಹಾದಿ ಕೊಡಿ. ಡಬ್ಲ್ಯೂ ಆಯ್ಕೆ ಕೊಡದಿದ್ದರೆ ಅದು ಓದಲಷ್ಟೇ ತೆರೆದುಕೊಳ್ಳುತ್ತದೆ. ಬಳಕೆಯಲ್ಲಿರುವ ಡಿಸ್ಕ್ ಮೇಲೆ ಆ ಆಯ್ಕೆ ಯಾವತ್ತೂ ಬೇಡ. ಎಕ್ಸ್‌ಎಫ್‌ಎಸ್‌ಗೆ ಎಕ್ಸ್‌ಎಫ್‌ಎಸ್_ಡಿಬಿ ಇದೆ, ಅದನ್ನು ಓದಲು-ಮಾತ್ರ ಆಯ್ಕೆಯೊಡನೆ ತೆರೆಯಬೇಕು.

ಪೂರ್ತಿ ಡಿಸ್ಕ್ ಹೀಗೆ ನೋಡುವುದು ಕಷ್ಟ, ಎಲ್ಲಿ ನೋಡಬೇಕೆಂದು ಹೇಳುವ ಒಂದು ಸುಲಭ ಲೆಕ್ಕವಿದೆ. ಇಎಕ್ಸ್‌ಟಿ4 ಮತ್ತು ಎಕ್ಸ್‌ಎಫ್‌ಎಸ್‌ನಲ್ಲಿ ಡೈರೆಕ್ಟರಿಯ ಹಾರ್ಡ್‌ಲಿಂಕ್ ಎಣಿಕೆ ಅದರೊಳಗಿನ ಉಪಡೈರೆಕ್ಟರಿಗಳ ಸಂಖ್ಯೆಗಿಂತ 2 ಹೆಚ್ಚು. ಸ್ಟ್ಯಾಟ್ ಕಮಾಂಡ್ ತೋರಿಸುವ ಲಿಂಕ್ಸ್ ಸಂಖ್ಯೆ 9 ಇದ್ದು, ಫೈಂಡ್‌ಗೆ 6 ಉಪಡೈರೆಕ್ಟರಿ ಮಾತ್ರ ಸಿಕ್ಕರೆ ಒಂದು ಅಡಗಿದೆ. /ಯುಎಸ್‌ಆರ್, /ಲಿಬ್, /ವಾರ್, /ಒಪ್ಟ್, /ರೂಟ್ ಕೆಳಗೆ ಇದನ್ನು ಸ್ಕ್ರಿಪ್ಟ್‌ನಿಂದ ಓಡಿಸಿ. ಬಿಟಿಆರ್‌ಎಫ್‌ಎಸ್‌ನಲ್ಲಿ ಈ ಎಣಿಕೆ ಯಾವಾಗಲೂ 1, ಓವರ್‌ಲೇಎಫ್‌ಎಸ್‌ನಲ್ಲೂ ಲೆಕ್ಕ ಕೂಡಿ ಬರುವುದಿಲ್ಲ. ಅಲ್ಲಿ ಇದನ್ನು ಬಿಡಿ. ಅಡಗಿರುವುದು ಬರಿ ಫೈಲ್ ಆದರೆ ಈ ಲೆಕ್ಕಕ್ಕೆ ಸಿಗದು.

ರೆಪ್ಟೈಲ್ ಎಂಬ ರೂಟ್‌ಕಿಟ್ ಇನ್ನೂ ಒಂದು ಮಾಡುತ್ತದೆ: ಫೈಲನ್ನು ತೋರಿಸಿ, ಅದರೊಳಗಿನ ಕೆಲವು ಸಾಲುಗಳನ್ನು ಮಾತ್ರ ಅಡಗಿಸುತ್ತದೆ. ಬೂಟ್‌ನಲ್ಲಿ ತನ್ನನ್ನು ಲೋಡ್ ಮಾಡುವ ಸಾಲನ್ನು ಮರೆಮಾಚಲು ಇದು ಉಪಯೋಗ. /ಇಟಿಸಿ/ಮಾಡ್ಯೂಲ್ಸ್, ಆರ್‌ಸಿ.ಲೋಕಲ್, ಉಡೆವ್ ನಿಯಮಗಳು ಇವುಗಳ ಗಾತ್ರವನ್ನು ಸ್ಟ್ಯಾಟ್‌ನಿಂದ ನೋಡಿ, ನಂತರ ಕ್ಯಾಟ್‌ನ ಔಟ್‌ಪುಟ್ ಅನ್ನು ಪೈಪ್ ಮೂಲಕ ಡಬ್ಲ್ಯೂಸಿಗೆ ಕಳಿಸಿ ಬೈಟ್ ಎಣಿಸಿ. ಸ್ಟ್ಯಾಟ್ 812 ಎಂದು, ಎಣಿಕೆ 640 ಎಂದರೆ 172 ಬೈಟ್ ನಿಮ್ಮಿಂದ ಮುಚ್ಚಿಡಲಾಗಿದೆ. ಪೈಪ್ ಬಿಟ್ಟು ಡಬ್ಲ್ಯೂಸಿಗೇ ಫೈಲ್ ಹೆಸರು ಕೊಟ್ಟರೆ ಪರೀಕ್ಷೆ ವ್ಯರ್ಥ, ಏಕೆಂದರೆ ಬೈಟ್ ಎಣಿಸಲು ಅದು ಪೂರ್ತಿ ಫೈಲ್ ಓದದೆ ಗಾತ್ರವನ್ನೇ ಕೇಳಿಕೊಂಡುಬಿಡುತ್ತದೆ.

ಅಡಗಿದ ಸಂಪರ್ಕ

ನೆಟ್‌ಸ್ಟ್ಯಾಟ್ /ಪ್ರಾಕ್/ನೆಟ್/ಟಿಸಿಪಿ ಓದುತ್ತದೆ, ಎಸ್‌ಎಸ್ ನೆಟ್‌ಲಿಂಕ್ ಮೂಲಕ ಕೇಳುತ್ತದೆ. ಎರಡರ ಪಟ್ಟಿಯನ್ನೂ ಹೋಲಿಸಿ. ಮೊದಲನೆಯದನ್ನು ಮಾತ್ರ ಕೆಡಿಸಿದ ರೂಟ್‌ಕಿಟ್‌ಗಳು ಇಲ್ಲಿ ಸಿಕ್ಕಿಬೀಳುತ್ತವೆ. ಎರಡರಲ್ಲೂ ಕಾಣದ ಪೋರ್ಟ್‌ಗೆ ಬೈಂಡ್ ಮಾಡಲು ಪ್ರಯತ್ನಿಸಿದಾಗ ‘ವಿಳಾಸ ಬಳಕೆಯಲ್ಲಿದೆ’ ಎಂದು ಬಂದರೆ ಅಲ್ಲಿ ಯಾರೋ ಕೂತಿದ್ದಾರೆ. ಅನ್‌ಹೈಡ್-ಟಿಸಿಪಿ ಇದನ್ನು 65535 ಪೋರ್ಟ್‌ಗಳಿಗೂ ಮಾಡುತ್ತದೆ.

ಆದರೆ ಹಲವು ರೂಟ್‌ಕಿಟ್‌ಗಳು ಪೋರ್ಟನ್ನೇ ತೆರೆಯುವುದಿಲ್ಲ. ಕರ್ನಲ್‌ನ ಪ್ಯಾಕೆಟ್ ಸೋಸುವ ಭಾಗವಾದ ನೆಟ್‌ಫಿಲ್ಟರ್‌ನಲ್ಲಿ ಕಾದು, ಗುರುತಿನ ಪ್ಯಾಕೆಟ್ ಬಂದಾಗ ತಾವೇ ಹೊರಗೆ ಸಂಪರ್ಕ ಮಾಡುತ್ತವೆ. ಯಂತ್ರದೊಳಗಿನ ಟಿಸಿಪಿಡಂಪ್‌ನಿಂದಲೂ ಪ್ಯಾಕೆಟ್ ಮರೆಮಾಡಬಹುದು. ಆದ್ದರಿಂದ ಮಿರರ್ ಪೋರ್ಟ್‌ನಲ್ಲಿ ಹಿಡಿದ ಟ್ರಾಫಿಕ್ ಮತ್ತು ಅದೇ ಅವಧಿಯಲ್ಲಿ ಯಂತ್ರದೊಳಗೆ ಹಿಡಿದದ್ದು, ಇವೆರಡರ ಹೋಲಿಕೆಯಷ್ಟು ನಂಬಿಕೆಯ ಪುರಾವೆ ನೆಟ್‌ವರ್ಕ್ ವಿಷಯದಲ್ಲಿ ಬೇರೆ ಇಲ್ಲ.

ಇಬಿಪಿಎಫ್ ಬಳಸಿ ಅಡಗುವವುಗಳಿಗೆ ಮಾಡ್ಯೂಲ್ ಬೇಕಿಲ್ಲ. ಬಿಪಿಎಫ್‌ಟೂಲ್‌ನಿಂದ ಲೋಡ್ ಆದ ಪ್ರೋಗ್ರಾಂಗಳ ಪಟ್ಟಿ ತೆಗೆದು ಪ್ರತಿಯೊಂದಕ್ಕೂ ವಾರಸುದಾರರನ್ನು ಗುರುತಿಸಿ. ಸಿಸ್ಟಮ್‌ಡಿಯದ್ದು ಕೆಲವು ಇದ್ದೇ ಇರುತ್ತವೆ. ಬಳಕೆದಾರರ ಮೆಮೊರಿಯನ್ನು ತಿದ್ದುವ ಬಿಪಿಎಫ್_ಪ್ರೋಬ್_ರೈಟ್_ಯೂಸರ್ ಸೌಲಭ್ಯವನ್ನು ಯಾವುದಾದರೂ ಪ್ರೋಗ್ರಾಂ ಕೇಳಿದರೆ ಹಲವು ಕರ್ನಲ್‌ಗಳು ಲಾಗ್‌ನಲ್ಲಿ ಪಿಐಡಿ ಸಹಿತ ಎಚ್ಚರಿಕೆ ಬರೆಯುತ್ತವೆ. ಆ ಹೆಸರಿಗಾಗಿ ಲಾಗ್ ಹುಡುಕುವುದು ಎರಡು ನಿಮಿಷದ ಕೆಲಸ.

ಹೊರಗಿನಿಂದ ನೋಡುವುದು

ಮೆಮೊರಿ ನಕಲನ್ನು ವಿಶ್ಲೇಷಣಾ ಸಾಧನವಾದ ವೊಲಾಟಿಲಿಟಿ 3ರಲ್ಲಿ ತೆರೆಯಿರಿ. ಇದಕ್ಕೆ ಆ ಕರ್ನಲ್‌ನ ಸಿಂಬಲ್ ಫೈಲ್ ಬೇಕು: ಡಿಸ್ಟ್ರೋದ ಡಿಬಗ್ ಪ್ಯಾಕೇಜ್‌ನಿಂದ ವಿಎಂಲಿನಕ್ಸ್ ತೆಗೆದು ಡ್ವಾರ್ಫ್2ಜೇಸನ್‌ಗೆ ಕೊಟ್ಟರೆ ಸಿಗುತ್ತದೆ. ಯಾವ ಕರ್ನಲ್ ಎಂಬುದನ್ನು ಬ್ಯಾನರ್ಸ್ ಪ್ಲಗಿನ್ ನಕಲಿನಿಂದಲೇ ಓದಿ ಹೇಳುತ್ತದೆ. ಬಿಲ್ಡ್ ಸಂಖ್ಯೆ ಸ್ವಲ್ಪ ತಪ್ಪಿದರೂ ಪ್ಲಗಿನ್‌ಗಳು ಓಡುವುದಿಲ್ಲ, ಹೆಚ್ಚಿನವರು ಸಮಯ ಕಳೆಯುವುದು ಇಲ್ಲೇ. ನಂತರ ಪಿಎಸ್‌ಲಿಸ್ಟ್ ಮತ್ತು ಪಿಎಸ್‌ಸ್ಕ್ಯಾನ್ ಎರಡನ್ನೂ ಓಡಿಸಿ: ಮೊದಲನೆಯದು ಸರಪಳಿ ಹಿಡಿದು ಹೋಗುತ್ತದೆ, ಎರಡನೆಯದು ಮೆಮೊರಿಯನ್ನೆಲ್ಲ ಜಾಲಾಡುತ್ತದೆ. ಎರಡನೆಯದರಲ್ಲಿ ಆಗಲೇ ಸತ್ತ ಪ್ರೋಸೆಸ್‌ಗಳೂ ಬರುತ್ತವೆ ಎಂಬುದು ನೆನಪಿರಲಿ. ಹಿಡನ್ ಮಾಡ್ಯೂಲ್ಸ್, ಚೆಕ್ ಮಾಡ್ಯೂಲ್ಸ್, ಚೆಕ್ ಸಿಸ್ಕಾಲ್ ಪ್ಲಗಿನ್‌ಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ.

ಡಿಸ್ಕ್‌ಗೆ: ಓಡುತ್ತಿರುವಾಗಲೇ ಫೈಂಡ್‌ನಿಂದ ಪೂರ್ತಿ ಪಟ್ಟಿ ತೆಗೆದಿಟ್ಟು, ಯಂತ್ರ ಆರಿಸಿ, ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ. ಇಎಕ್ಸ್‌ಟಿ4 ಆದರೆ ಆರ್‌ಒ ಜೊತೆ ನೋಲೋಡ್, ಎಕ್ಸ್‌ಎಫ್‌ಎಸ್ ಆದರೆ ನೋರಿಕವರಿ ಆಯ್ಕೆ ಕೊಟ್ಟು ಮೌಂಟ್ ಮಾಡಿ. ಬರಿ ಆರ್‌ಒ ಕೊಟ್ಟರೆ ಜರ್ನಲ್ ಮರುಓಟದಲ್ಲಿ ಡಿಸ್ಕ್ ಬದಲಾಗುತ್ತದೆ. ಅದೇ ಫೈಂಡ್ ಮತ್ತೆ ಓಡಿಸಿ ಡಿಫ್ ಮಾಡಿ. ಲಾಗ್ ಮತ್ತು ತಾತ್ಕಾಲಿಕ ಫೈಲ್‌ಗಳನ್ನು ಬಿಟ್ಟು, ಎರಡನೇ ಪಟ್ಟಿಯಲ್ಲಿ ಮಾತ್ರ ಇರುವುದೆಲ್ಲ ಅಡಗಿದ್ದದ್ದು. /ಲಿಬ್/ಮಾಡ್ಯೂಲ್ಸ್ ಒಳಗೆ ಯಾವ ಪ್ಯಾಕೇಜ್‌ಗೂ ಸೇರದ ಮಾಡ್ಯೂಲ್ ಫೈಲ್‌ಗಳು, ಮಾಡ್ಯೂಲ್ಸ್-ಲೋಡ್.ಡಿ, ಸಿಸ್ಟಮ್‌ಡಿ ಯುನಿಟ್‌ಗಳು, ಇನಿಟ್ರಾಮ್‌ಎಫ್‌ಎಸ್ (ಬೂಟ್‌ನ ಆರಂಭದಲ್ಲಿ ಬಳಸುವ ಫೈಲ್ ಕಟ್ಟು) ಒಳಗಿನ ಪಟ್ಟಿ ಇವನ್ನು ತಪ್ಪದೆ ನೋಡಿ. ಚೆಕ್‌ರೂಟ್‌ಕಿಟ್, ಆರ್‌ಕೆಹಂಟರ್ ಓಡಿಸಿದರೆ ನಷ್ಟವಿಲ್ಲ, ಆದರೆ ಅವು ಮುಖ್ಯವಾಗಿ ಗೊತ್ತಿರುವ ಹೆಸರುಗಳನ್ನು ಹುಡುಕುತ್ತವೆ. ಅವುಗಳ ‘ಏನೂ ಸಿಗಲಿಲ್ಲ’ ಎಂಬ ಮಾತಿಗೆ ತೂಕ ಕಡಿಮೆ.

ಸಿಕ್ಕ ಮೇಲೆ, ಸಿಗದ ಹಾಗೆ

ಮಾಡ್ಯೂಲ್ ತೆಗೆದು ಯಂತ್ರವನ್ನು ಮತ್ತೆ ಬಳಕೆಗೆ ಬಿಡುವ ಯೋಚನೆ ಬೇಡ. ಡಿಸ್ಕ್ ಅಳಿಸಿ, ಸ್ವಚ್ಛ ಮಾಧ್ಯಮದಿಂದ ಸಿಸ್ಟಮ್ ಕಟ್ಟಿ, ದತ್ತಾಂಶವನ್ನಷ್ಟೇ ಮರಳಿ ತನ್ನಿ. ಆ ಯಂತ್ರದಲ್ಲಿ ಹೊಡೆದ, ಇಟ್ಟ ಎಲ್ಲ ಪಾಸ್‌ವರ್ಡ್, ಎಸ್‌ಎಸ್‌ಎಚ್ ಕೀ, ಎಪಿಐ ಟೋಕನ್ ಬದಲಿಸಿ. ಭಾರತದಲ್ಲಿ ಸೇವೆ ನಡೆಸುವವರು ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಇಂಥ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟಿರಬೇಕು.

ಹೊಸ ಯಂತ್ರದಲ್ಲಿ ಮೊದಲ ಕೆಲಸ ಸೆಕ್ಯೂರ್ ಬೂಟ್ (ಸಹಿಯಿರುವ ಕೋಡ್‌ನಿಂದ ಮಾತ್ರ ಬೂಟ್ ಆಗುವ ವ್ಯವಸ್ಥೆ) ಮತ್ತು ಮಾಡ್ಯೂಲ್ ಸಹಿಯ ಕಡ್ಡಾಯ. 2020ರ ಆಗಸ್ಟ್‌ನಲ್ಲಿ ಅಮೆರಿಕದ ಎನ್‌ಎಸ್‌ಎ ಮತ್ತು ಎಫ್‌ಬಿಐ ಡ್ರೊವೊರಬ್ ಎಂಬ ಲಿನಕ್ಸ್ ರೂಟ್‌ಕಿಟ್ ಬಗ್ಗೆ ಪ್ರಕಟಿಸಿದ ವರದಿಯ ಮುಖ್ಯ ಸಲಹೆಯೂ ಇದೇ ಆಗಿತ್ತು: 3.7 ಅಥವಾ ನಂತರದ ಕರ್ನಲ್, ಸಹಿಯಿದ್ದ ಮಾಡ್ಯೂಲ್‌ಗಳು ಮಾತ್ರ. /ಸಿಸ್/ಕರ್ನಲ್/ಸೆಕ್ಯೂರಿಟಿ/ಲಾಕ್‌ಡೌನ್ ಫೈಲ್‌ನಲ್ಲಿ ಇಂಟೆಗ್ರಿಟಿ ಎಂಬುದು ಚೌಕ ಆವರಣದೊಳಗೆ ಇದ್ದರೆ ಅದು ಜಾರಿಯಲ್ಲಿದೆ.

ಇಲ್ಲೊಂದು ತೂತು ಉಳಿಯುತ್ತದೆ. ಡಿಕೆಎಂಎಸ್ (ಹೊರಗಿನ ಮಾಡ್ಯೂಲ್‌ಗಳನ್ನು ಯಂತ್ರದಲ್ಲೇ ಕಟ್ಟುವ ಸಾಧನ) ಬಳಸುವ ಯಂತ್ರಗಳಲ್ಲಿ ಸಹಿ ಹಾಕುವ ಖಾಸಗಿ ಕೀಲಿ ಅದೇ ಡಿಸ್ಕ್‌ನಲ್ಲಿ ಕೂತಿರುತ್ತದೆ; ಉಬುಂಟುವಿನಲ್ಲಿ /ವಾರ್/ಲಿಬ್/ಶಿಮ್-ಸೈನ್ಡ್/ಮೋಕ್ ಕೆಳಗೆ. ರೂಟ್ ಆದವನು ಅದರಿಂದಲೇ ತನ್ನ ಮಾಡ್ಯೂಲ್‌ಗೆ ಸಹಿ ಹಾಕಿಕೊಳ್ಳಬಲ್ಲ. ಸರ್ವರ್‌ನಲ್ಲಿ ಡಿಕೆಎಂಎಸ್ ಅಗತ್ಯವಿಲ್ಲದಿದ್ದರೆ ಹಾಕಬೇಡಿ, ಅಗತ್ಯವಿದ್ದರೆ ಬೇರೆ ಯಂತ್ರದಲ್ಲಿ ಕಟ್ಟಿ ಸಹಿ ಮಾಡಿ ತನ್ನಿ.

ಬೂಟ್ ಪೂರ್ತಿಯಾದ ಮೇಲೆ ಕರ್ನಲ್.ಮಾಡ್ಯೂಲ್ಸ್_ಡಿಸೇಬಲ್ಡ್ ಅನ್ನು 1 ಮಾಡಿದರೆ ರೀಬೂಟ್ ತನಕ ಯಾವ ಮಾಡ್ಯೂಲೂ ಲೋಡ್ ಆಗದು, ರೂಟ್‌ಗೂ ಅದನ್ನು ಹಿಂದೆಗೆಯಲು ಬರದು. ತೊಂದರೆ ಏನೆಂದರೆ ಆಮೇಲೆ ಚುಚ್ಚಿದ ಯುಎಸ್‌ಬಿ ಡಿಸ್ಕ್ ಮೌಂಟ್ ಆಗುವುದಿಲ್ಲ, ಹೊಸ ಫೈರ್‌ವಾಲ್ ನಿಯಮ ಮಾಡ್ಯೂಲ್ ಸಿಗದೆ ಸೋಲುತ್ತದೆ, ವೈರ್‌ಗಾರ್ಡ್ ಏಳುವುದಿಲ್ಲ. ಒಂದು ವಾರ ಯಂತ್ರ ಓಡಿಸಿ, ಎಲ್ಎಸ್‌ಮಾಡ್‌ನಲ್ಲಿ ಬಂದದ್ದನ್ನೆಲ್ಲ ಮಾಡ್ಯೂಲ್ಸ್-ಲೋಡ್.ಡಿಯಲ್ಲಿ ಬರೆದಿಟ್ಟು, ಆಮೇಲೆ ಈ ಬೀಗ ಹಾಕಿ.

ಸಿಸ್ಟಮ್ ಕಾಲ್‌ಗಳನ್ನು ದಾಖಲಿಸುವ ಆಡಿಟ್‌ಡಿಯಲ್ಲಿ ಇನಿಟ್_ಮಾಡ್ಯೂಲ್, ಫಿನಿಟ್_ಮಾಡ್ಯೂಲ್, ಡಿಲೀಟ್_ಮಾಡ್ಯೂಲ್ ಮೂರು ಕಾಲ್‌ಗಳಿಗೂ ನಿಯಮ ಹಾಕಿ ದಾಖಲೆಗಳನ್ನು ಆಗಿಂದಾಗಲೇ ಬೇರೆ ಸರ್ವರ್‌ಗೆ ಕಳಿಸಿ. ಮಾಡ್ಯೂಲ್ ಲೋಡ್ ಮಾಡುವ ಮಾಡ್‌ಪ್ರೋಬ್ ಕಮಾಂಡ್ ಸಾಮಾನ್ಯವಾಗಿ ಬಳಸುವುದು ಫಿನಿಟ್_ಮಾಡ್ಯೂಲ್, ಅದಕ್ಕೆ ಫೈಲ್ ಬೇಕು. ಇನಿಟ್_ಮಾಡ್ಯೂಲ್ ಮೆಮೊರಿಯಿಂದಲೇ ಲೋಡ್ ಮಾಡುತ್ತದೆ, ಡಿಸ್ಕ್‌ಗೆ ಏನೂ ಬರೆಯದ ದಾಳಿಗೆ ಅನುಕೂಲ. ಆದರೆ ಮಾಡ್ಯೂಲ್‌ಗಳನ್ನು ಸಂಕುಚಿತ ರೂಪದಲ್ಲಿ ಇಡುವ ಡಿಸ್ಟ್ರೋಗಳಲ್ಲಿ, ಕರ್ನಲ್‌ಗೆ ತಾನೇ ಬಿಚ್ಚಿಕೊಳ್ಳಲು ಬಾರದಿದ್ದರೆ, ಮಾಡ್‌ಪ್ರೋಬ್ ಕೂಡ ಇದನ್ನೇ ಕರೆಯುತ್ತದೆ. ಎಚ್ಚರಿಕೆಯ ಮಿತಿ ಇಡುವ ಮುನ್ನ ನಿಮ್ಮ ಯಂತ್ರದ ಒಂದು ಮಾಮೂಲಿ ಬೂಟ್‌ನಲ್ಲಿ ಯಾವ ಕಾಲ್ ಎಷ್ಟು ಸಲ ಬರುತ್ತದೆ, ಯಾವ ಪ್ರೋಗ್ರಾಂನಿಂದ ಬರುತ್ತದೆ ಎಂದು ನೋಡಿಕೊಳ್ಳಿ.